ಎಂಟೆಕ್ರೆ ಗುಡ್ಡೆ ಜಾಗಕ್ಕೆ ಯಾವ ಹುಲ್ಲು ಮೆಷಿನ್?

(ತೋಟದ ಕೆಲಸ, ಯಂತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕೇರಳದ ಕಾಸರಗೋಡು ಜಿಲ್ಲೆಯ ಆದೂರು ಕಡೆಯ ಕೃಷಿಕ ಮಹಿಳೆಯೊಬ್ಬರ ಉತ್ತರ)

ಪ್ರಶ್ನೆ: ಅಕ್ಕನಿಗೆ ನಮಸ್ಕಾರ. ಇಪ್ಪತ್ತಾರು ವರ್ಷ ಗಲ್ಫಿನಲ್ಲಿದ್ದು ಈಗ ಊರಿಗೆ ಬಂದು ಕೂತಿದ್ದೇನೆ. ಪೆರ್ಲದ ಹತ್ತಿರ ಅಪ್ಪನ ಕಾಲದ ಎಂಟು ಎಕರೆ ಜಾಗ ಇದೆ. ಕೆಳಗೆ ಬೈಲಿನಲ್ಲಿ ಎರಡು ಎಕರೆ ಅಡಿಕೆ, ನಡುವಿನ ಗುಡ್ಡೆಯಲ್ಲಿ ನಾಲ್ಕು ಎಕರೆ ಗೇರು, ಮೇಲೆ ಎರಡು ಎಕರೆ ಮುಳಿಹುಲ್ಲಿನ ಪದವು (ಗುಡ್ಡೆಯ ಮೇಲಿನ ಮಟ್ಟಸ ಬಯಲು). ಹುಲ್ಲು ಸವರದೆ ಮೂರು ವರ್ಷವಾಗಿ ಗೇರಿನ ಬುಡವೇ ಕಾಣುವುದಿಲ್ಲ. ಕೆಲಸಕ್ಕೆ ಜನ ಸಿಗುವುದಿಲ್ಲ. ಮಗ ಅಮೆರಿಕದಲ್ಲಿದ್ದಾನೆ, ಕುಳಿತು ಓಡಿಸುವ ಮೆಷಿನ್ ತೆಗೆಯೋಣ, ದುಡ್ಡು ನಾನು ಕೊಡುತ್ತೇನೆ, 45 ಪರ್ಸೆಂಟ್ ಇಳಿಜಾರಿನಲ್ಲೂ ಓಡುವಂಥದ್ದು ಇದೆ ಎನ್ನುತ್ತಾನೆ. ಒಂದು ಅಂಗಡಿಯವರು ನಾಲ್ಕು ಗಾಲಿಯ ತಳ್ಳುವ ಮೆಷಿನ್ ತೋರಿಸಿದರು. ಇನ್ನೊಬ್ಬರು ದೊಡ್ಡ ಜಾಗಕ್ಕೆ ದೊಡ್ಡ ಇಂಜಿನ್ನೇ ಬೇಕು, ಹೆಗಲಿಗೆ ಹಾಕಿ ಹುಲ್ಲು ಸವರುವ 50 ಸಿಸಿಯ ಬ್ರಶ್ ಕಟ್ಟರ್ ತಗೊಳ್ಳಿ ಎಂದರು. ನನಗೆ 61 ವರ್ಷ, ಎಡ ಮೊಣಕಾಲು ನೋವು. ಯಾವುದನ್ನು ತೆಗೆಯಲಿ?
– ಓದುಗರೊಬ್ಬರು, ಪೆರ್ಲ

ಉತ್ತರ: ಅಣ್ಣ, ನಿಮ್ಮ ಪತ್ರದಲ್ಲಿ ಎಕರೆಯ ಲೆಕ್ಕ ಇದೆ, ಬೆಳೆಯ ಲೆಕ್ಕ ಇದೆ, ಮೊಣಕಾಲಿನ ಸುದ್ದಿಯೂ ಇದೆ. ಗುಡ್ಡೆ ಎಷ್ಟು ಕಡಿದು ಎಂಬುದು ಮಾತ್ರ ಇಲ್ಲ. ಹುಲ್ಲು ಮೆಷಿನ್ ಆರಿಸುವಾಗ ಎಕರೆಗಿಂತ ಮೊದಲು ನೋಡಬೇಕಾದ್ದು ಅದನ್ನು. ಎಂಟೆಕ್ರೆ ಮಟ್ಟಸ ಜಾಗ ಆಗಿದ್ದರೆ ನಿಮ್ಮ ಮಗ ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ.

ಅಳೆಯುವುದು ಕಷ್ಟವಲ್ಲ. ಸೀಳಿದ ಅಡಿಕೆ ಮರದ ನೆಟ್ಟಗಿನ ಕೋಲೊಂದನ್ನು ಸರಿಯಾಗಿ ಒಂದು ಮೀಟರಿಗೆ ಕತ್ತರಿಸಿಕೊಳ್ಳಿ. ಮೇಸ್ತ್ರಿಯ ಹತ್ತಿರ ರಸಮಟ್ಟ ಕೇಳಿ ತನ್ನಿ. ಕೋಲಿನ ಒಂದು ತುದಿ ಗುಡ್ಡೆಯ ಮೇಲುಬದಿಯ ನೆಲಕ್ಕೆ ತಾಗಿರಲಿ, ರಸಮಟ್ಟ ಇಟ್ಟು ಕೋಲನ್ನು ಮಟ್ಟ ಮಾಡಿ, ಗಾಳಿಯಲ್ಲಿ ನಿಂತ ಇನ್ನೊಂದು ತುದಿಯಿಂದ ನೆಲಕ್ಕೆ ಟೇಪು ಇಳಿಬಿಡಿ. 27 ಸೆಂಟಿಮೀಟರ್ ಬಂದರೆ ಇಳಿಜಾರು 15 ಡಿಗ್ರಿ. 36 ಬಂದರೆ 20 ಡಿಗ್ರಿ, 58 ಬಂದರೆ 30 ಡಿಗ್ರಿ. ಗೇರು ಗುಡ್ಡೆಯ ಹತ್ತು ಕಡೆಯಾದರೂ ಅಳೆದು ಒಂದು ಕಾಗದದಲ್ಲಿ ಬರೆದಿಡಿ. ನಮ್ಮ ಗುಡ್ಡೆಯಲ್ಲಿ ಹೀಗೆ ಅಳೆದಾಗ ದಿನಾ ಏರಿ ಇಳಿಯುವ ದಾರಿಯ ಪಕ್ಕವೇ 26 ಡಿಗ್ರಿ ಇತ್ತು. ನಡೆದು ನಡೆದು ಅಭ್ಯಾಸವಾದ ಕಾಲಿಗೆ ಅದು ಕಡಿದು ಎಂದೇ ಅನ್ನಿಸುತ್ತಿರಲಿಲ್ಲ.

ಮಗನ ಲೆಕ್ಕದಲ್ಲಿ ಒಂದು ಕಡೆ ಎಚ್ಚರ ಬೇಕು. 45 ಪರ್ಸೆಂಟ್ ಎಂದರೆ 45 ಡಿಗ್ರಿ ಅಲ್ಲ. ನೂರಡಿ ಮುಂದೆ ಹೋದರೆ 45 ಅಡಿ ಏರು ಎಂದು ಅದರ ಅರ್ಥ, ಡಿಗ್ರಿಯಲ್ಲಿ ಹೇಳಿದರೆ 24ರ ಹತ್ತಿರ. 45 ಡಿಗ್ರಿ ಎಂದರೆ ನೂರು ಪರ್ಸೆಂಟ್. ಮಾರುವವರು ಕೆಲವೊಮ್ಮೆ ಪರ್ಸೆಂಟ್ ಹೇಳುತ್ತಾರೆ, ಕೇಳುವ ನಾವು ಡಿಗ್ರಿ ಎಂದುಕೊಳ್ಳುತ್ತೇವೆ.

ಕುಳಿತು ಓಡಿಸುವ ಸಾಮಾನ್ಯ ಹುಲ್ಲು ಮೆಷಿನ್‌ಗಳ ಜೊತೆ ಬರುವ ಪುಸ್ತಕ ತೆರೆದು ನೋಡಿ, 15 ಡಿಗ್ರಿಗಿಂತ ಕಡಿದಾದಲ್ಲಿ ಓಡಿಸಬೇಡಿ ಎಂದು ಹೆಚ್ಚಿನದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಷ್ಟರೊಳಗೂ ಗುಡ್ಡಕ್ಕೆ ಅಡ್ಡವಾಗಿ ಓಡಿಸಬಾರದು, ನೇರ ಮೇಲಕ್ಕೆ, ನೇರ ಕೆಳಕ್ಕೆ ಮಾತ್ರ. ಅಡ್ಡ ಹೋದರೆ ಮಗುಚುತ್ತದೆ. ಎರಡು ಕ್ವಿಂಟಲ್ ತೂಕದ ಯಂತ್ರ, ಅದರಡಿಯಲ್ಲಿ ತಿರುಗುವ ಅಲಗು, ಅದರ ಮೇಲೆ ನೀವು. ಅಮೆರಿಕದ ಮನೆಯ ಸುತ್ತಲಿನ ಹುಲ್ಲುಹಾಸು ಮೆತ್ತಗಿನ ಮಣ್ಣಿನದು, ವಾರಕ್ಕೊಮ್ಮೆ ಕತ್ತರಿಸಿ ಗಿಡ್ಡವಾಗಿಯೇ ಇರುವಂಥದ್ದು. ನಿಮ್ಮಲ್ಲಿ ಮೂರು ವರ್ಷದ ಬಲ್ಲೆ. ಅದರೊಳಗೆ ಕಲ್ಲೆಲ್ಲಿದೆ, ಗುಂಡಿಯೆಲ್ಲಿದೆ ಎಂದು ನಿಮಗೇ ಗೊತ್ತಿಲ್ಲ. ಮಗನಿಗೆ ಅಪ್ಪನ ಮೇಲಿನ ಪ್ರೀತಿಯಿಂದಲೇ ಆ ಯೋಚನೆ ಬಂದದ್ದು. ಆ ಕಾಗದದ ಫೋಟೋ ತೆಗೆದು ಕಳಿಸಿಕೊಡಿ, ಅಂಕೆ ನೋಡಿದರೆ ಅವನಿಗೂ ಅರ್ಥವಾಗುತ್ತದೆ.

ಮೇಲಿನ ಪದವಾದರೂ ಮಟ್ಟ ಇದೆಯಲ್ಲ ಎಂದು ಕೇಳಬಹುದು. ಮಟ್ಟ ಇದೆ, ನಿಜ. ಆದರೆ ಮುಳಿಹುಲ್ಲು ಬೆಳೆಯುವ ಪದವಿನಲ್ಲಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಗೇಣುಗೇಣಿಗೆ ತಲೆ ಎತ್ತಿರುತ್ತದೆ. ಕೆಳಗೆ ಉಕ್ಕಿನ ಅಲಗು ತಿರುಗುವ ಯಾವ ಗಾಲಿ ಮೆಷಿನ್ನೂ ಅಲ್ಲಿ ಬಾಳುವುದಿಲ್ಲ. ಒಂದು ಕಲ್ಲು ಬಡಿದರೆ ಅಲಗಿನ ದಂಡವೇ ಸೊಟ್ಟಗಾಗುತ್ತದೆ.

ತಳ್ಳುವ ಮೆಷಿನ್ ಬಗ್ಗೆ ಹೇಳುವಾಗ ನಮಗಾದದ್ದನ್ನು ಹೇಳಲೇಬೇಕು. ಯಜಮಾನರ ಬೆನ್ನು ಹಿಡಿದ ವರ್ಷ ತೋಟದ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹೆಗಲಿಗೆ ಹಾಕುವುದು ಹೆಂಗಸಿಗೆ ಭಾರ, ಇದು ಗಾಲಿಯ ಮೇಲೆ ಸಲೀಸಾಗಿ ಹೋಗುತ್ತದೆ ಎಂದು ಪೇಟೆಯ ಅಂಗಡಿಯಲ್ಲಿ ಹೇಳಿದರು. ನಂಬಿ ತಂದೆ. ಅಂಗಳದಲ್ಲಿ ಚಂದ ಓಡಿತು. ಗೇರು ಗುಡ್ಡೆಗೆ ಒಯ್ದ ಮೂರನೆಯ ದಿನ ಇಂಜಿನ್ನಿನ ಸದ್ದು ಸಣ್ಣಗೆ ಕೀರಲಾಯಿತು. ನಾನು ನಿಲ್ಲಿಸುವುದರೊಳಗೆ ತಾನೇ ನಿಂತಿತು, ಹಗ್ಗ ಎಳೆದರೆ ಬರಲೇ ಇಲ್ಲ. ಬಿಚ್ಚಿದ ಮೆಕ್ಯಾನಿಕ್ ಪಿಸ್ಟನ್ನನ್ನು ನನ್ನ ಅಂಗೈಯಲ್ಲಿಟ್ಟರು. ಒಂದು ಬದಿ ನುಣುಪಾಗಿ ಹೊಳೆಯುತ್ತಿತ್ತು, ಇನ್ನೊಂದು ಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ಬೆಕ್ಕು ಪರಚಿದ ಹಾಗೆ ಗೀರುಗಳು. ಎಣ್ಣೆ ಹಾಕಿರಲಿಲ್ಲವೇ ಎಂದು ಕೇಳಿದರು. ಹಾಕಿದ್ದೆ, ತುಂಬ ಇತ್ತು ಕೂಡ.

ಕಾರಣ ಇಷ್ಟೇ. ಗಾಲಿ ಮೆಷಿನ್‌ಗಳ ನಾಲ್ಕು ಸ್ಟ್ರೋಕ್ ಇಂಜಿನ್ ಹೆಚ್ಚಿನದರಲ್ಲಿ ಎಣ್ಣೆ ತಳದ ಗುಂಡಿಯಲ್ಲಿ ನಿಂತಿರುತ್ತದೆ, ಒಳಗೆ ತಿರುಗುವ ಒಂದು ಸಣ್ಣ ಸೌಟಿನಂಥ ಭಾಗ ಅದನ್ನು ಎರಚಿ ಪಿಸ್ಟನ್ನಿಗೆ ಮುಟ್ಟಿಸುತ್ತದೆ. ಯಂತ್ರ ಗಂಟೆಗಟ್ಟಲೆ ವಾಲಿಕೊಂಡೇ ಇದ್ದರೆ ಎಣ್ಣೆ ಒಂದು ಮೂಲೆಗೆ ಸೇರುತ್ತದೆ, ಸೌಟಿಗೆ ಗಾಳಿಯೇ ಗತಿ. ಅಂಗಡಿಯವರು ಇದನ್ನು ಹೇಳಲಿಲ್ಲ, ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನು: ಗುಡ್ಡೆಗೆ ಒಯ್ಯುವ ಇಂಜಿನ್ ವಾಲಿದರೂ ಎಣ್ಣೆ ಸಿಗುವಂಥದ್ದು ಆಗಿರಬೇಕು.

ಅಂಥವು ಎರಡು ಬಗೆ. ಎರಡು ಸ್ಟ್ರೋಕಿನ ಬ್ರಶ್ ಕಟ್ಟರ್‌ನಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವುದರಿಂದ ಅದು ಹೇಗೆ ವಾಲಿದರೂ ತೊಂದರೆ ಇಲ್ಲ. ಎರಡನೆಯದು ಹೆಗಲಿಗೆ ಹಾಕಲೆಂದೇ ಮಾಡಿದ ಸಣ್ಣ ನಾಲ್ಕು ಸ್ಟ್ರೋಕ್ ಇಂಜಿನ್. ಹೋಂಡಾದ ಜಿಎಕ್ಸ್ 35 ನಮ್ಮ ಕಡೆ ಹೆಚ್ಚು ಕಾಣುವಂಥದ್ದು, 35.8 ಸಿಸಿ. ಅದರೊಳಗೆ ಎಣ್ಣೆ ಮಂಜಿನ ಹಾಗೆ ಹರಡುವ ಏರ್ಪಾಡು ಇದೆ, ಯಾವ ಕೋನದಲ್ಲಿ ಹಿಡಿದರೂ ಓಡುತ್ತದೆ. ಮಿಶ್ರಣ ಮಾಡುವ ರಗಳೆ ಇಲ್ಲ. ಆದರೆ ಅದರ ಹೊಟ್ಟೆಯಲ್ಲಿ ಇರುವುದು 100 ಮಿಲಿಯಷ್ಟೇ ಎಣ್ಣೆ, ದಿನಾ ಬೆಳಿಗ್ಗೆ ಮುಚ್ಚಳ ಬಿಚ್ಚಿ ನೋಡಲೇಬೇಕು. ಕೆಲಸದವರ ಕೈಗೆ ಕೊಡುವುದಾದರೆ ನಾನು ನಾಲ್ಕು ಸ್ಟ್ರೋಕೇ ಒಳ್ಳೆಯದು ಎನ್ನುತ್ತೇನೆ. ಎಣ್ಣೆ ಬೆರೆಸದ ಬರೀ ಪೆಟ್ರೋಲ್ ಹೊಯ್ದು ಎರಡು ಸ್ಟ್ರೋಕ್ ಇಂಜಿನ್ ಸುಟ್ಟುಕೊಂಡವರು ನಮ್ಮ ನೆರೆಕರೆಯಲ್ಲೇ ಮೂವರಿದ್ದಾರೆ. ನೀವೇ ಹಿಡಿಯುವುದಾದರೆ, ಕಡಿದು ಹೆಚ್ಚಾದರೆ, ಎರಡು ಸ್ಟ್ರೋಕ್ ತುಸು ಹಗುರ.

50 ಸಿಸಿ ಬೇಡವೇ ಬೇಡ. ದೊಡ್ಡ ಜಾಗಕ್ಕೆ ದೊಡ್ಡ ಇಂಜಿನ್ ಎಂಬುದು ಕೇಳಲಿಕ್ಕೆ ಸರಿ ಎನ್ನಿಸುತ್ತದೆ. ಗುಡ್ಡೆಯಲ್ಲಿ ಇಂಜಿನ್ನನ್ನು ಹೊರುವುದು ಗಾಲಿಯಲ್ಲ, ಮನುಷ್ಯ. ಬೆಳಿಗ್ಗೆ ಏಳು ಗಂಟೆಗೆ ಹಗುರ ಅನ್ನಿಸಿದ್ದು ಹತ್ತೂವರೆಗೆ ಕೈ ನಡುಗಿಸುತ್ತದೆ, ಕೈ ನಡುಗಿದವನು ಗುಡ್ಡೆಯಲ್ಲಿ ಜಾರುತ್ತಾನೆ. 30ರಿಂದ 36 ಸಿಸಿಯ ಒಳಗಿನದು ಆರೂವರೆಯಿಂದ ಎಂಟು ಕಿಲೋ ಇರುತ್ತದೆ. ಹುಲ್ಲಿಗೆ, ಕಮ್ಯುನಿಸ್ಟ್ ಗಿಡವೆಂಬ ಕಳೆಗೆ, ಹೆಬ್ಬೆರಳು ದಪ್ಪದ ಬಲ್ಲೆಗೆ ಅದು ಧಾರಾಳ ಸಾಕು. ಅದಕ್ಕಿಂತ ದಪ್ಪದ್ದಕ್ಕೆ ಕತ್ತಿ ಇದೆಯಲ್ಲ. ನಿಮ್ಮಲ್ಲಿ ಮೂರು ವರ್ಷದ ಕಾಡು ಇರುವುದರಿಂದ ಮೊದಲ ಸಲ ಇಬ್ಬರು ಕತ್ತಿಯಲ್ಲಿ ದೊಡ್ಡದನ್ನು ಕಡಿದು ಎಳೆದ ಮೇಲೆಯೇ ಮೆಷಿನ್ ಹೊರಡಲಿ. ಕಣಜದ ಗೂಡು ಇದ್ದರೂ ಆಗಲೇ ತಿಳಿಯುತ್ತದೆ.

ಹಾಗಾಗಿ ನನ್ನ ಮಾತು ಇದು: ಮಗ ಕೊಡುವ ಹಣದ ಸಣ್ಣ ಪಾಲಿನಲ್ಲಿ ಒಂದರ ಬದಲು ಎರಡು ಬ್ರಶ್ ಕಟ್ಟರ್ ತೆಗೆಯಿರಿ. ಗೇರು ಗುಡ್ಡೆಗೆ, ಪದವಿಗೆ ಸೈಕಲ್ ಹ್ಯಾಂಡಲಿನಂಥ ಎರಡು ಹಿಡಿಯಿರುವ ಒಂದು, ಅದಕ್ಕೆ ಎರಡೂ ಭುಜಕ್ಕೆ ಹಾಕುವ ಪಟ್ಟಿ ಇರಲಿ. ಒಂದೇ ಭುಜದ ಪಟ್ಟಿ ಕೊಟ್ಟರೆ ಬದಲಾಯಿಸಿ ಕೊಡಲು ಹೇಳಿ, ದಿನವಿಡೀ ಒಂದೇ ಬದಿಗೆ ಭಾರ ಬಿದ್ದರೆ ಸೊಂಟ ಹೋಗುತ್ತದೆ. ಅಡಿಕೆ ತೋಟಕ್ಕೆ, ತೋಟದಂಚಿನ ಕಡಿದಾದ ಮಣ್ಣಿನ ಬರೆಗೆ ಬಳೆಯಂಥ ಒಂದೇ ಹಿಡಿಯಿರುವ ಸಣ್ಣದು. ಮರದ ನಡುವೆ, ನೀರು ಹರಿಯುವ ಕಣಿಯ ಅಂಚಿನಲ್ಲಿ ಉದ್ದ ಹ್ಯಾಂಡಲ್ ತಿರುಗುವುದಿಲ್ಲ. ಗುಡ್ಡೆಯ ಯಾವುದಾದರೂ ಭಾಗ 30 ಡಿಗ್ರಿಗೆ ಮೇಲಿದ್ದರೆ ಬೆನ್ನಿಗೆ ಹೊರುವ ಬಗೆಯದನ್ನು ನೋಡಿ. ಇಂಜಿನ್ ಬೆನ್ನ ಮೇಲೆ, ಬಗ್ಗುವ ಕೊಳವೆಯ ತುದಿಯಲ್ಲಿ ಅಲಗು. ಒಟ್ಟು ತೂಕ ಹೆಚ್ಚು, ಆದರೆ ಕೈಗೆ ಹಗುರ, ನಿಂತಲ್ಲೇ ಮೇಲೆ ಕೆಳಗೆ ಸವರಬಹುದು. ಬಿದ್ದರೆ ಥಟ್ಟನೆ ಕಳಚಿಕೊಳ್ಳುವುದು ಮಾತ್ರ ಕಷ್ಟ, ಅದನ್ನು ನಾಲ್ಕು ಸಲ ಅಂಗಳದಲ್ಲಿ ಅಭ್ಯಾಸ ಮಾಡಿದ ಮೇಲೆಯೇ ಗುಡ್ಡೆಗೆ ಹೋಗಬೇಕು.

ಎರಡು ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಒಂದು ರಿಪೇರಿಗೆ ಹೋದರೂ ಕೆಲಸ ನಿಲ್ಲುವುದಿಲ್ಲ. ಗೇರಿನ ಬುಡ ಸವರುವ ಕಾಲ ನವೆಂಬರ್, ಡಿಸೆಂಬರ್. ಬೀಜ ಬೀಳಲು ಶುರುವಾಗುವ ಮೊದಲು ನೆಲ ಕಾಣಬೇಕು, ಇಲ್ಲದಿದ್ದರೆ ಹೆಕ್ಕಲಿಕ್ಕೆ ಆಗುವುದಿಲ್ಲ. ಆ ಒಂದೂವರೆ ತಿಂಗಳಲ್ಲಿ ಎಲ್ಲರ ಮೆಷಿನ್ನೂ ಮೆಕ್ಯಾನಿಕ್ಕಿನ ಬಾಗಿಲಲ್ಲಿ ಸಾಲಾಗಿ ಮಲಗಿರುತ್ತವೆ. ಬ್ರಾಂಡ್ ಯಾವುದು ಎಂದು ನೀವು ಕೇಳಿಲ್ಲ. ಸ್ಟಿಲ್, ಹಸ್ಕ್‌ವರ್ನಾ, ಹೋಂಡಾ ಯಾವುದಾದರೂ ಆದೀತು. ಪೆರ್ಲ, ಬದಿಯಡ್ಕದ ಒಳಗೆ ಯಾವುದರ ಬಿಡಿಭಾಗ ಅದೇ ದಿನ ಸಿಗುತ್ತದೋ ಅದು ನಿಮ್ಮ ಬ್ರಾಂಡ್.

ನಮ್ಮ ಗುಡ್ಡೆಯಲ್ಲಿ ಒಬ್ಬ ಒಳ್ಳೆಯ ಕೆಲಸಗಾರ ದಿನಕ್ಕೆ ಮುಕ್ಕಾಲು ಎಕರೆ ಮುಗಿಸುತ್ತಾನೆ, ಗಂಟೆಗೆ ಮುಕ್ಕಾಲು ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಸವರುವುದು ಗುಡ್ಡಕ್ಕೆ ಅಡ್ಡವಾಗಿ, ಕೆಳಗಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಮೇಲಕ್ಕೆ. ಬಲದಿಂದ ಎಡಕ್ಕೆ ಬೀಸಿ, ಅಲಗು ತಿರುಗುವ ದಿಕ್ಕಿಗೆ ಹುಲ್ಲು ಎಡಬದಿಗೇ ಬೀಳುತ್ತದೆ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಅಡಿಯಲ್ಲಿ ಮುಳ್ಳುಮುಳ್ಳಾಗಿ ಹಿಡಿತವಿರುವ ಗಂಬೂಟು ಇರಲಿ.

ಇದನ್ನು ಬರೆಯುವಾಗ ನನ್ನ ಕೈ ಈಗಲೂ ಒಂದು ಕ್ಷಣ ನಿಲ್ಲುತ್ತದೆ. ಹತ್ತು ವರ್ಷದ ಹಿಂದೆ, ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಹುಡುಗ ಪದವಿನಲ್ಲಿ ಸವರುತ್ತಿದ್ದ. ಕನ್ನಡಕ ಕೊಟ್ಟಿದ್ದೆ. ಬೆವರಿಗೆ ಮಂಜಾಗುತ್ತದೆ ಎಂದು ಹಣೆಯ ಮೇಲೆ ಏರಿಸಿಕೊಂಡಿದ್ದ. ನಾನು ಚಾ ಹಿಡಿದು ಹೋದವಳು ಹದಿನೈದು ಹೆಜ್ಜೆ ದೂರ ಇದ್ದೆ. ಟಕ್ ಎಂದು ಒಂದು ಸದ್ದು, ಅವನು ಮೆಷಿನ್ ಬಿಟ್ಟು ಮುಖ ಮುಚ್ಚಿಕೊಂಡು ಕೂತ. ಬೆರಳು ಬಿಡಿಸಿ ನೋಡಿದರೆ ಕಣ್ಣಿನಿಂದ ಅರ್ಧ ಬೆರಳು ಕೆಳಗೆ, ಉಗುರಿನಷ್ಟು ಅಗಲದ ಮುರಕಲ್ಲಿನ ಚಕ್ಕೆ ಕೆನ್ನೆಯೊಳಗೆ ನಿಂತಿತ್ತು. ಐದು ಹೊಲಿಗೆ. ಅರ್ಧ ಬೆರಳು ಮೇಲಾಗಿದ್ದರೆ ಅವನ ತಾಯಿಗೆ ನಾನು ಏನು ಹೇಳುತ್ತಿದ್ದೆ? ಅಂದಿನಿಂದ ನಮ್ಮಲ್ಲಿ ಬಲೆಯ ಮುಖಕವಚ, ಅದರೊಳಗೆ ಕನ್ನಡಕ, ಕಿವಿಗೆ ಮುಚ್ಚಳ, ಮೊಣಕಾಲಿನ ಕೆಳಗೆ ಗಟ್ಟಿ ಗಾರ್ಡ್ ಇಲ್ಲದೆ ಮೆಷಿನ್ ಸ್ಟಾರ್ಟ್ ಆಗುವುದಿಲ್ಲ. 15 ಮೀಟರ್ ಒಳಗೆ ಯಾರೂ ಬರಬಾರದು, ಚಾ ತಂದವರೂ ಕೂಡ. ನೀವು ಮೆಷಿನ್ ತರುವ ದಿನವೇ ಇವನ್ನೂ ತನ್ನಿ, ಆಮೇಲೆ ತರುತ್ತೇನೆ ಎಂದು ಮನೆಗೆ ಬರಬೇಡಿ.

ನಿಮ್ಮ ಮೊಣಕಾಲಿನ ವಿಷಯ. ನೀವು ತೋಟದ ಸಣ್ಣ ಮೆಷಿನ್ನನ್ನು ಬೆಳಿಗ್ಗೆ ಒಂದು ಗಂಟೆ ಹಿಡಿದರೆ ಸಾಕು, ಗುಡ್ಡೆ ಹತ್ತಬೇಡಿ. ಗುಡ್ಡೆಗೆ ದಿನಗೂಲಿಗೆ ಬರುವವರಿದ್ದಾರೆ, ಮೆಷಿನ್ ನಮ್ಮದಾದರೆ ಜನ ಸಿಗುವುದು ಸ್ವಲ್ಪ ಸುಲಭ. ಕೃಷಿ ಭವನಕ್ಕೆ ಹೋಗಿ ಯಂತ್ರೋಪಕರಣದ ಸಬ್ಸಿಡಿ ಯೋಜನೆಯ ಬಗ್ಗೆ ಕೇಳಿ. ಕೊಂಡ ಮೇಲೆ ಕೇಳಿದರೆ ಪ್ರಯೋಜನವಿಲ್ಲ, ಅರ್ಜಿ ಮೊದಲು.

ಪ್ರಶ್ನೆ: ಮೆಷಿನ್, ಪೆಟ್ರೋಲ್, ಆಳು ಎಂದು ಇಷ್ಟು ಖರ್ಚು ಮಾಡುವ ಬದಲು ಹುಲ್ಲಿಗೆ ಮದ್ದು ಹೊಡೆದರೆ ಎರಡು ದಿನದಲ್ಲಿ ಮುಗಿಯುತ್ತದೆ. ಗಡಿಯಾಚೆಯಿಂದ ತಂದು ಹೊಡೆಯುವವರಿದ್ದಾರೆ. ನೀವೇಕೆ ಅದರ ಬಗ್ಗೆ ಬರೆಯುವುದಿಲ್ಲ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಬರೆಯದಿದ್ದುದಕ್ಕೆ ಕಾರಣ ನಿಮ್ಮ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಗೇರು ಗುಡ್ಡೆಗಳ ಮೇಲೆ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದದ್ದು 2000ದ ವರೆಗೆ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ. ಅದು ಕೀಟನಾಶಕ, ನೀವು ಹೇಳುವುದು ಕಳೆನಾಶಕ, ಎರಡೂ ಒಂದೇ ಅಲ್ಲ ಎಂದು ನನಗೆ ಗೊತ್ತು. ಆದರೂ ಗುಡ್ಡೆಯ ಮೇಲೆ ಹೊಡೆದದ್ದು ಗುಡ್ಡೆಯಲ್ಲೇ ನಿಲ್ಲುವುದಿಲ್ಲ ಎಂಬುದನ್ನು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆಗೆ ಕುಡಿಯುವ ನೀರು ಬರುವುದು ಸುರಂಗದಿಂದ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದ ಆ ಸುರಂಗದ ನೆತ್ತಿಯ ಮೇಲೆಯೇ ನಮ್ಮ ಗೇರು ಇದೆ. ನಿಮ್ಮದೂ ಹಾಗೆಯೇ ಇರಬಹುದು.

ಕಾನೂನೂ ಹಾಗೇ ಇದೆ. ಕೇರಳ ಸರಕಾರ 2019ರಲ್ಲಿ ಗ್ಲೈಫೊಸೇಟ್ ಮಾರುವುದನ್ನು, ಬಳಸುವುದನ್ನು ನಿಷೇಧಿಸಿತು. ಗಡಿಯಾಚೆಯಿಂದ ತಂದರೂ ಹೊಡೆಯುವುದು ಗಡಿಯ ಈಚೆಯಲ್ಲೇ.

ಇನ್ನೂ ಒಂದು ಮಾತು. ಬೇರು ಸಮೇತ ಸತ್ತ ಹುಲ್ಲು ಮಣ್ಣನ್ನು ಹಿಡಿಯುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ನಮ್ಮದು. ಜೂನಿನ ಮೊದಲ ಮಳೆಗೆ ಬೋಳು ಗುಡ್ಡೆಯಿಂದ ಇಳಿಯುವ ಕೆಂಪು ನೀರು ಬೈಲಿನ ಕಣಿಯನ್ನೆಲ್ಲ ತುಂಬಿಸುತ್ತದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗಿನ ತೋಟಗಳಲ್ಲಿ ಪ್ಯುರೇರಿಯದಂಥ ಬಳ್ಳಿಗಳನ್ನು ಹೊದಿಕೆ ಬೆಳೆಯಾಗಿ ಬೆಳೆಸಲು ಹೇಳುತ್ತಲೇ ಬಂದಿದೆ. ಹುಲ್ಲನ್ನು ಕೊಲ್ಲುವುದಲ್ಲ, ಗಿಡ್ಡ ಮಾಡುವುದು ನಮ್ಮ ಕೆಲಸ. ಮೆಷಿನ್ನಿನಲ್ಲಿ ಸವರುವಾಗಲೂ ಮೂರು ಇಂಚು ಬಿಟ್ಟೇ ಸವರಿ. ಸವರಿದ್ದನ್ನು ಸುಡಬೇಡಿ, ಗೇರಿನ ಬುಡಕ್ಕೆ ಎಳೆದುಬಿಡಿ.

ಪ್ರಶ್ನೆ: ಹೊಸ ಬ್ರಶ್ ಕಟ್ಟರ್ ತಂದು ಮೊದಲ ದಿನವೇ ಹನ್ನೊಂದು ಒಳ್ಳೆಮೆಣಸಿನ ಬಳ್ಳಿಯ ಬುಡ ತುಂಡಾಯಿತು, ನೀರು ಹಾರಿಸುವ ಜೆಟ್ಟಿನ ಪೈಪು ಆರು ಕಡೆ ಹೋಯಿತು. ಬ್ಲೇಡ್ ಹಾಕಿದ್ದೆವು. ನೈಲಾನ್ ಹಗ್ಗ ಹಾಕಿದರೆ ಸರಿಯಾದೀತೇ?
– ಓದುಗರೊಬ್ಬರು, ಬಾಯಾರು

ಉತ್ತರ: ಬಳ್ಳಿ ಹನ್ನೊಂದು ಎಂದು ಎಣಿಸಿ ಬರೆದಿದ್ದೀರಿ, ಹೊಟ್ಟೆ ಉರಿದದ್ದು ಗೊತ್ತಾಗುತ್ತದೆ. ಫಸಲು ಕೊಡುವ ಬಳ್ಳಿ ಬುಡದಲ್ಲಿ ತುಂಡಾದದ್ದು ಅದೇ ದಿನ ತಿಳಿಯುವುದಿಲ್ಲ, ಎಲೆ ಬಾಡಿದ ಮೇಲೆ ತಿಳಿಯುತ್ತದೆ. ಇನ್ನೊಂದು ಸಲ ತೋಟವನ್ನೆಲ್ಲ ಸುತ್ತಿ ಬನ್ನಿ.

ಅಡಿಕೆ ತೋಟದ ಒಳಗೆ ಬ್ಲೇಡ್ ಹಾಕಲೇಬೇಡಿ. ನೈಲಾನ್ ಹಗ್ಗವೇ ಸರಿ, 2.4ರಿಂದ 3 ಮಿಲಿಮೀಟರ್ ದಪ್ಪದ್ದು. ಹಾಗೆಂದು ಹಗ್ಗ ಸಾಧು ಎಂದುಕೊಳ್ಳಬೇಡಿ. ಎಳೆ ಸಸಿಯ ಸಿಪ್ಪೆಯನ್ನು ಅದು ಸುತ್ತಲೂ ಸುಲಿದುಬಿಡುತ್ತದೆ, ಮೆಣಸಿನ ಎಳೆ ಬಳ್ಳಿಯನ್ನು ಬ್ಲೇಡಿನಷ್ಟೇ ಸಲೀಸಾಗಿ ಕಡಿಯುತ್ತದೆ. ಮೆಣಸು ಹಬ್ಬಿದ ಮರದ ಬುಡದಲ್ಲಿ ಸುತ್ತ ಒಂದೂವರೆ ಅಡಿ ಜಾಗವನ್ನು ಹಿಂದಿನ ದಿನವೇ ಕೈಯಲ್ಲಿ ಕಿತ್ತು ಸ್ವಚ್ಛ ಮಾಡಿ, ಮೆಷಿನ್ ಆ ವೃತ್ತದ ಹೊರಗೇ ನಿಲ್ಲಲಿ. ನಾವು ಎಳೆ ಅಡಿಕೆ ಸಸಿಗಳಿಗೆ ನಾಲ್ಕಿಂಚಿನ ಹಳೆ ಪಿವಿಸಿ ಪೈಪನ್ನು ಗೇಣುದ್ದ ತುಂಡು ಮಾಡಿ, ಉದ್ದಕ್ಕೆ ಸೀಳಿ ತೊಡಿಸುತ್ತೇವೆ. ನೀರಿನ ಪೈಪುಗಳನ್ನು ಎತ್ತಿ ಮರಕ್ಕೆ ಸಿಕ್ಕಿಸಿ ಸವರುವುದು, ಮುಗಿದ ಮೇಲೆ ಇಳಿಸುವುದು. ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಹಗ್ಗ ಪುಟುಪುಟು ತುಂಡಾಗುತ್ತದೆ ಎಂಬುದು ಎಲ್ಲರ ದೂರು. ಅಂಗಡಿಯಲ್ಲಿ ವರ್ಷಗಟ್ಟಲೆ ತೂಗಿದ ನೈಲಾನ್ ಒಣಗಿ ಪೆಡಸಾಗಿರುತ್ತದೆ. ಹಿಂದಿನ ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ನೈಲಾನ್ ನೀರು ಕುಡಿದು ಮೆದುವಾಗುತ್ತದೆ, ಬಾಳಿಕೆ ಹೆಚ್ಚುತ್ತದೆ.

ಬ್ಲೇಡನ್ನು ಗುಡ್ಡೆಗೆ ಇಟ್ಟುಕೊಳ್ಳಿ. ಮೂರು ಹಲ್ಲಿನದು ಕಮ್ಯುನಿಸ್ಟ್ ಗಿಡಕ್ಕೆ, ಬಲ್ಲೆಗೆ. ತಿರುಗುವ ಅಲಗನ್ನು ಗಡಿಯಾರ ಎಂದು ಭಾವಿಸಿಕೊಂಡರೆ ಹನ್ನೆರಡರಿಂದ ಎರಡರ ನಡುವಿನ ಜಾಗ ಕಡಿದುಳಿದ ಗಟ್ಟಿ ಬುಡಕ್ಕೋ ಕಲ್ಲಿಗೋ ತಾಗಿದರೆ ಮೆಷಿನ್ ನಿಮ್ಮನ್ನೇ ಬಲಕ್ಕೆ ಎಸೆಯುತ್ತದೆ. ಎಡಬದಿಯಿಂದಲೇ ಕತ್ತರಿಸುವ ಅಭ್ಯಾಸ ಮಾಡಿ.

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಚೆನ್ನಾಗಿ ಓಡಿದ ಎರಡು ಸ್ಟ್ರೋಕ್ ಮೆಷಿನ್ ಈಗ ಮಳೆ ಬಿಟ್ಟ ಮೇಲೆ ತೆಗೆದರೆ ಸ್ಟಾರ್ಟೇ ಆಗುವುದಿಲ್ಲ. ಪ್ಲಗ್ ಬದಲಾಯಿಸಿದೆ.
– ಓದುಗರೊಬ್ಬರು, ಕುಂಬಳೆ

ಉತ್ತರ: ಟ್ಯಾಂಕಿನಲ್ಲಿ ಡಿಸೆಂಬರಿನ ಪೆಟ್ರೋಲ್ ಇನ್ನೂ ಇದೆಯೇ ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲ ಕಳೆಯುವಷ್ಟರಲ್ಲಿ ನೀರು ತಳದಲ್ಲಿ ಬೇರೆಯಾಗಿ ನಿಂತು ಕಾರ್ಬೊರೇಟರಿಗೆ ಹೋಗುತ್ತದೆ. ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿ ಎರಡು ಸ್ಟ್ರೋಕ್ ಎಣ್ಣೆ, 25:1 ಎಂದಿದ್ದರೆ 40 ಮಿಲಿ. ಅಂದಾಜಿಗೆ ಬಾಟಲಿ ಮುಚ್ಚಳದಲ್ಲಿ ಹಾಕಬೇಡಿ, ಮಕ್ಕಳ ಔಷಧಿಯ ಅಳತೆ ಲೋಟ ಇಟ್ಟುಕೊಳ್ಳಿ.

ಆಗಲೂ ಬಾರದಿದ್ದರೆ ಕಾರ್ಬೊರೇಟರಿನ ಒಳಗಿನ ತೆಳ್ಳಗಿನ ರಬ್ಬರ್ ಪರದೆ ಪೆಡಸಾಗಿರಬಹುದು, ಅದನ್ನು ಮೆಕ್ಯಾನಿಕ್ ಬದಲಾಯಿಸಿ ಕೊಡುತ್ತಾರೆ. ಮುಂದಿನ ಸಲ ಕೆಲಸ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ, ಅಟ್ಟದಲ್ಲಿ ತೂಗುಹಾಕಿ. ನೆಲದ ಮೇಲೆ ಇಟ್ಟರೆ ಇಲಿ ಪೈಪು ಕಡಿಯುತ್ತದೆ.

ಪ್ರಶ್ನೆ: ನಮ್ಮದು ತಾಳವಾಡಿ ಕಡೆಯ ಮೂರೆಕ್ರೆ ತೆಂಗಿನ ತೋಟ. ನೆಲ ಮಟ್ಟ, ಕಲ್ಲು ಕಡಿಮೆ. ನಮಗೂ ಹೆಗಲಿಗೆ ಹಾಕುವುದೇ ಬೇಕೇ?
– ಓದುಗರೊಬ್ಬರು, ತಾಳವಾಡಿ, ಈರೋಡು ಜಿಲ್ಲೆ

ಉತ್ತರ: ಬೇಡ. ನಿಮ್ಮಂಥ ಜಾಗಕ್ಕೆ ಗಾಲಿ ಮೆಷಿನ್ ವರದಾನ. ಹಿಂದಿನ ಗಾಲಿಗೆ ಇಂಜಿನ್ನಿನ ಬಲ ಬರುವಂಥದ್ದನ್ನೇ ಕೇಳಿ, ಬರೀ ತಳ್ಳುವುದು ಉದ್ದ ಹುಲ್ಲಿನಲ್ಲಿ ಮುಂದೆ ಹೋಗುವುದಿಲ್ಲ. ಪವರ್ ಟಿಲ್ಲರ್ ಈಗಾಗಲೇ ಇದ್ದರೆ ಅದಕ್ಕೆ ಜೋಡಿಸುವ, ತೂಗಾಡುವ ಅಲಗುಗಳ ಹುಲ್ಲು ಕೊಚ್ಚುವ ಉಪಕರಣ ಸಿಗುತ್ತದೆಯೇ ವಿಚಾರಿಸಿ. ಹುಲ್ಲನ್ನು ಅಲ್ಲೇ ನುಣ್ಣಗೆ ಪುಡಿ ಮಾಡಿ ಹರಡುತ್ತದೆ, ಕಲ್ಲು ಬಡಿದರೆ ಅಲಗು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬಿದ್ದ ತೆಂಗಿನ ಗರಿ, ಕುರುಂಬೆಗಳನ್ನು ಮೊದಲು ಹೆಕ್ಕಿ ಬದಿಗಿಡಿ. ಮರದ ಬುಡದ ಪಾತಿಯ ಹತ್ತಿರ ಗಾಲಿ ಹೋಗುವುದಿಲ್ಲ, ಅಷ್ಟಕ್ಕೆ ಕುಡುಗೋಲು ಸಾಕು.